ಕಡಲಹೂವು ಮತ್ತು ತಾಮ್ರದ ಹಂಡೆ

ಹೆದರುವ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯವನಲ್ಲ. ಶಾಲೆಗೆ ಇನ್‌ಸ್ಪೆಕ್ಟರು ಬರುತ್ತಾರೆಂದರೆ ಮೂರು ದಿನ ಮೊದಲೇ ನಾನು ಬೋರ್ಡು ಒರೆಸಲು ಶುರುಮಾಡುತ್ತಿದ್ದೆ. ಆದರೂ ಜೀವಮಾನದಲ್ಲಿ ನನ್ನನ್ನು ಅತಿ ಹೆಚ್ಚು ಹೆದರಿಸಿದ್ದು ಅಂಗೈಯಗಲದ, ಮೂಳೆಯಿಲ್ಲದ, ಕಣ್ಣೂ ಇಲ್ಲದ ಒಂದು ಕಡಲ ಪ್ರಾಣಿ. ಅದು ಕಚ್ಚೀತೆಂದು ಹೆದರಲಿಲ್ಲ. ಸತ್ತುಹೋದೀತೆಂದು ಹೆದರಿದೆ.

ಆಗ ನಾನು ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟರು. ಅರವತ್ತರ ದಶಕ ಶುರುವಾಗಿ ಒಂದೆರಡು ವರ್ಷ ಆಗಿದ್ದಿರಬೇಕು. ಕೆಲಸ ಖಾಯಂ ಆಗಿರಲಿಲ್ಲ. ತಾತ್ಕಾಲಿಕ ಮಾಸ್ಟರುಗಳನ್ನು ಮಾರ್ಚಿ ಕೊನೆಗೆ ಮನೆಗೆ ಕಳುಹಿಸಿ, ಬೇಕೆನಿಸಿದರೆ ಜೂನಿನಲ್ಲಿ ಮತ್ತೆ ಕರೆಯುವುದು ಆಗಿನ ಕ್ರಮ. ಸುಳ್ಯದಲ್ಲಿ ಒಂದು ಸಲ, ಕಡಬದಲ್ಲಿ ಒಂದು ಸಲ ನನ್ನನ್ನು ಹಾಗೆ ಕಳುಹಿಸಿದ್ದರು. ಎರಡೂ ಕಡೆಯವರು ಜೂನಿನಲ್ಲಿ ಕರೆಯಲು ಮರೆತರು. ಪುತ್ತೂರಿನ ಹೆಡ್ಮಾಸ್ಟರು ಮಾತ್ರ, "ಜೂನಿಗೆ ನಿಮ್ಮನ್ನು ಖಾಯಂ ಮಾಡ್ಲಿಕ್ಕೆ ಬರೆಯುವಾ, ನೋಡುವಾ" ಎಂದಿದ್ದರು. ಆ 'ನೋಡುವಾ' ಎಂಬ ಮಾತನ್ನು ನಾನು ದಿನಕ್ಕೆ ಹತ್ತು ಸಲ ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ.

ಹೆಡ್ಮಾಸ್ಟರಿಗೆ ಒಂದು ಹುಚ್ಚಿತ್ತು. ಕಡಲಿಂದ ಮೂವತ್ತು ಮೈಲಿಗೂ ಹೆಚ್ಚು ದೂರದ ಪುತ್ತೂರಿನಲ್ಲಿ, ತಮ್ಮ ಮನೆಯ ಜಗಲಿಯಲ್ಲಿ, ಕಡಲ ನೀರಿನ ಜಾಡಿ ಇಟ್ಟಿದ್ದರು. ಜಾಡಿಯೆಂದರೆ ಹಳೆಯ ದೊಡ್ಡ ಬ್ಯಾಟರಿಯ ಗಾಜಿನ ಡಬ್ಬ. ಒಂದೇ ಎರಕದ್ದು, ಎರಡೂವರೆ ಕೊಡ ನೀರು ಹಿಡಿಯುವಂಥದ್ದು. ಅದರೊಳಗೆ ಹಂಚಿನ ಚೂರೊಂದರ ಮೇಲೆ ಕೂತಿತ್ತು ಆ ಪ್ರಾಣಿ. ಪುಸ್ತಕದಲ್ಲಿ ಸೀ ಅನಿಮನಿ. ಮನೆಯಲ್ಲಿ ಎಲ್ಲರೂ ಕಡಲಹೂವು ಎನ್ನುತ್ತಿದ್ದರು. ಕಂದುಗೆಂಪು ಬಣ್ಣದ ಗಿಡ್ಡ ಕಂಬದಂಥ ಮೈ, ಮೇಲೆ ತುದಿ ಹಸಿರಾದ ನೂರಾರು ಎಸಳು, ನಡುವೆ ಬಾಯಿ. ಎಸಳೆಂದು ಕಾಣುವುದೆಲ್ಲ ಅದರ ಕೈಗಳು. ಸಿಗಡಿಯ ಚೂರು ಕೊಟ್ಟರೆ ಅಪ್ಪಿ ಹಿಡಿದು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಆರು ವರ್ಷದಿಂದ ಅದು ಆ ಮನೆಯಲ್ಲಿತ್ತು. ಮಂಗಳೂರಿನ ಕಾಲೇಜಿನವರು ಕೂಡ ಬಂದು ನೋಡಿ ಹೋಗಿದ್ದರು.

ಏಪ್ರಿಲಿನಲ್ಲಿ ಹೆಡ್ಮಾಸ್ಟರು ಪರೀಕ್ಷೆಯ ಪೇಪರು ತಿದ್ದಲು ಬೆಂಗಳೂರಿಗೆ ಹೊರಟರು. ಮೂರು ವಾರದ ಕೆಲಸ. ಹೊರಡುವ ದಿನ ನನ್ನನ್ನು ಕರೆಸಿ, "ಇದನ್ನು ನೀವು ನೋಡಿಕೊಳ್ಳಬೇಕು ಮಾಸ್ಟ್ರೇ" ಎಂದರು. ರಜೆಗೆ ಸುಳ್ಯದ ಹತ್ತಿರದ ನಮ್ಮ ಮನೆಗೆ ಹೋಗಲು ಗಂಟು ಕಟ್ಟಿದ್ದೆ. ಗಂಟು ಬಿಚ್ಚಿದೆ.

ಅವರು ಕೊಟ್ಟ ನೋಟುಬುಕ್ಕಿನಲ್ಲಿ ಎಲ್ಲವೂ ಬರೆದಿತ್ತು. ಗಾಳಿಗೆ ಲಾರಿಯ ಟಯರಿನ ಟ್ಯೂಬು: ಬೆಳಿಗ್ಗೆ ಸಂಜೆ ಸೈಕಲ್ ಪಂಪಿನಿಂದ ಅದಕ್ಕೆ ಗಾಳಿ ತುಂಬಬೇಕು, ಅದರಿಂದ ಸಪೂರ ರಬ್ಬರಿನ ನಳಿಗೆಯೊಂದು ಜಾಡಿಯ ತಳಕ್ಕೆ ಹೋಗುತ್ತದೆ, ಕ್ಲಿಪ್ಪು ಸಡಿಲಿಸಿ, ಒಂದೊಂದೇ ಗುಳ್ಳೆ ಏಳುವಂತೆ ಇಡಬೇಕು. ಉಪ್ಪಿನ ಅಳತೆಗೆ ಹೋಟೆಲಿನವರು ಹಾಲಿಗೆ ಅದ್ದುವ ಲ್ಯಾಕ್ಟೋಮೀಟರ್: ಇಪ್ಪತ್ತಮೂರರಿಂದ ಇಪ್ಪತ್ತೈದರ ಒಳಗೆ ನಿಲ್ಲಬೇಕು. ಹೆಚ್ಚಾದರೆ ಬಾವಿನೀರು ಸೇರಿಸಬೇಕು, ಏಕೆಂದರೆ ಆರಿಹೋಗುವುದು ನೀರು, ಉಪ್ಪಲ್ಲ. ನಾಲ್ಕು ದಿನಕ್ಕೊಮ್ಮೆ ಸ್ವಲ್ಪ ಹಳೆಯ ನೀರು ತೆಗೆದು, ಭರಣಿಗಳಲ್ಲಿ ತುಂಬಿಟ್ಟ ಕಡಲ ನೀರನ್ನು ಬಟ್ಟೆಯಲ್ಲಿ ಸೋಸಿ ಹಾಕಬೇಕು. ಕೈಗೆ ಸೋಪು ಇರಬಾರದು. ಕಬ್ಬಿಣ ತಾಗಿಸಬಾರದು. ಕೊನೆಯ ಪುಟದಲ್ಲಿ: ಹೂವು ಒಂದೆರಡು ದಿನ ಮುಚ್ಚಿದರೆ ಗಾಬರಿ ಬೇಡ. ಬಾಯಿ ತೆರೆದೇ ಇದ್ದರೆ ಗಮನಿಸಿ. ಬಾಯಿಂದ ಬಿಳಿ ದಾರಗಳು ಹೊರಬಂದರೆ ಸ್ಥಿತಿ ಕೆಟ್ಟಿದೆ. ಕೊಳೆತ ವಾಸನೆ ಬಂದರೆ ಸತ್ತಿದೆ.

ಮೊದಲ ವಾರ ಎಲ್ಲ ಸರಿಯಾಗಿತ್ತು. ಮನೆಯಲ್ಲಿದ್ದವರು ಹೆಡ್ಮಾಸ್ಟರ ಹೆಂಡತಿ ಒಬ್ಬರೇ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಮೀನು ಮಾಂಸ ಮುಟ್ಟದ ಮನೆ ಅದು. ಸಿಗಡಿಯ ಚೂರನ್ನು ನಾನು ಎಲೆಯಲ್ಲಿ ಕಟ್ಟಿ ತಂದು ಅಂಗಳದ ಮೂಲೆಯಲ್ಲಿ ಕತ್ತರಿಸುವಾಗ ಅಕ್ಕ ಮೂಗಿಗೆ ಸೆರಗು ಹಿಡಿದು ಒಳಗೆ ಹೋಗುತ್ತಿದ್ದರು. "ಆರು ವರ್ಷ ಆಯ್ತು. ಈ ಮನೆಯಲ್ಲಿ ದಿನಾ ಮಾಂಸದ ಊಟ ಮಾಡುದು ಅದೊಂದೇ" ಎಂದು ನಗುತ್ತಿದ್ದರು.

ಆ ವಾರ ಸಂತೆಯಲ್ಲಿ ಒಳ್ಳೆಯ ಮಾವಿನ ಮಿಡಿ ಬಂತು. ಅಕ್ಕನಿಗೆ ಭರಣಿ ಬೇಕಾಯಿತು. ಮನೆಯ ಎರಡು ದೊಡ್ಡ ಭರಣಿಗಳಲ್ಲೂ ಕಡಲ ನೀರು ಕೂತಿತ್ತು.

"ಮಾಸ್ಟ್ರೇ, ಈ ನೀರನ್ನು ಹಂಡೆಗೆ ಹಾಕಿದ್ರೆ ಅಡ್ಡಿ ಉಂಟಾ? ಮಿಡಿ ನಾಳೆಗೆ ಬಾಡ್ತದೆ."

"ಯಾವ ಹಂಡೆ ಅಕ್ಕ?"

"ತಾಮ್ರದ್ದು. ಹುಳಿ ಹಾಕಿ ತಿಕ್ಕಿ ಇಟ್ಟಿದ್ದೇನೆ. ಕಡಲ ನೀರು ಅಂದ್ರೆ ತೀರ್ಥ ಅಲ್ವಾ, ಎಂತೆಂತದ್ರಲ್ಲಿ ಇಡ್ಲಿಕ್ಕೆ ಆಗ್ತದಾ?"

ನಾನು ಹೋಗಿ ನೋಡಿದೆ. ಕಲಾಯಿ ಇಲ್ಲದ ಸ್ನಾನದ ಹಂಡೆ, ಮುಖ ಕಾಣುವಷ್ಟು ಹೊಳೆಯುತ್ತಿತ್ತು. ನೋಟುಬುಕ್ಕಿನಲ್ಲಿ ಕಬ್ಬಿಣ ಬೇಡ ಎಂದಿತ್ತು, ತಾಮ್ರದ ಸುದ್ದಿ ಇರಲಿಲ್ಲ. ನಮ್ಮಜ್ಜಿ ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು ಬೆಳಿಗ್ಗೆ ಎಲ್ಲರಿಗೂ ಕುಡಿಸುತ್ತಿದ್ದವಳು. "ತಾಮ್ರಕ್ಕಿಂತ ಒಳ್ಳೆಯದು ಎಂತ ಉಂಟು ಅಕ್ಕ?" ಎಂದೆ. ನಾನೂ ಒಂದು ಕೈ ಹಿಡಿದು ಭರಣಿ ಬಗ್ಗಿಸಿದೆ.

ನಾಲ್ಕು ದಿನ ಕಳೆದು ಹಂಡೆಯ ನೀರನ್ನು ಮೊದಲ ಸಲ ಜಾಡಿಗೆ ಹಾಕಿದೆ. ಮರುದಿನ ಹೂವು ಅರ್ಧ ಮುಚ್ಚಿತ್ತು. ಒಂದೆರಡು ದಿನ ಗಾಬರಿ ಬೇಡ ಎಂದು ಬರೆದಿತ್ತಲ್ಲ. ನಾನು ಒಂದೇ ದಿನದಲ್ಲಿ ಗಾಬರಿಯಾದೆ. ಕಡಲು ಇಳಿದ ಹೊತ್ತಿಗೆ ಬಂಡೆಯ ಮೇಲೆ ಇವು ಮುಚ್ಚುವುದುಂಟು, ಹಳೆಯ ಅಭ್ಯಾಸ ಇರಬಹುದು ಎಂದು ಸಮಾಧಾನ ಮಾಡಿಕೊಂಡೆ. ಮೂರನೆಯ ದಿನ ಮೈ ತುಂಬ ಲೋಳೆ ಬಿಟ್ಟಿತ್ತು. ಗಾಜಿನ ಕಡ್ಡಿಯಿಂದ ಎಸಳು ಮುಟ್ಟಿದೆ. ಆರೋಗ್ಯ ಇದ್ದಾಗ ಎಸಳು ಕಡ್ಡಿಗೆ ಅಂಟಿ ಎಳೆಯುತ್ತದೆ. ಈಗ ನೆನೆದ ನೂಲಿನಂತೆ ಜಾರಿತು. ಬಾಯಿ ತೆರೆದಿತ್ತು.

ನಾನು ಕ್ರಮವಾಗಿ ಒಂದೊಂದನ್ನೇ ನೋಡುತ್ತಾ ಬಂದೆ. ಲ್ಯಾಕ್ಟೋಮೀಟರ್ ಇಪ್ಪತ್ತನಾಲ್ಕಕ್ಕೆ ನಿಂತಿತು, ಉಪ್ಪಿನ ದೋಷವಲ್ಲ. ಜಾಡಿಗೆ ಒದ್ದೆ ಗೋಣಿ ಸುತ್ತಿ ಸೆಕೆ ಇಳಿಸಿದೆ. ತಿನ್ನದೆ ಬಿಟ್ಟ ಸಿಗಡಿಯನ್ನು ಬಿದಿರಿನ ಚಿಮ್ಮಟದಿಂದ ತೆಗೆದೆ. ಗುಳ್ಳೆಗಳನ್ನು ಹೆಚ್ಚಿಸಿದೆ. ಕೊನೆಗೆ ನನಗೆ ಹೊಳೆದದ್ದು, ಹಳೆಯ ನೀರೇ ಕೆಟ್ಟಿರಬೇಕು ಎಂದು. ಅರ್ಧ ಜಾಡಿ ನೀರು ತೆಗೆದು ಹಂಡೆಯ ನೀರು ತುಂಬಿದೆ. ಮರುದಿನ ಇನ್ನಷ್ಟು ಸೊರಗಿತು. ಇನ್ನೂ ಸ್ವಲ್ಪ ಹಾಕಿದೆ. ಔಷಧಿ ಎಂದು ನಾನು ಕೊಡುತ್ತಿದ್ದದ್ದೇ ವಿಷ ಎಂದು ನನಗೆ ಹೇಳುವವರು ಯಾರೂ ಇರಲಿಲ್ಲ.

ಆ ದಿನಗಳಲ್ಲಿ ನಾನು ಊಟ ಮಾಡಿದ ನೆನಪಿಲ್ಲ. ಬಾಡಿಗೆ ಕೋಣೆಯಿಂದ ಹೆಡ್ಮಾಸ್ಟರ ಮನೆಗೆ ಹತ್ತು ನಿಮಿಷದ ದಾರಿ. ಗೇಟಿನ ಹತ್ತಿರ ಬಂದಾಗ ಕಾಲು ನಿಲ್ಲುತ್ತಿತ್ತು. ಜಗಲಿ ಹತ್ತುವ ಮೊದಲು ಮೂಗೆಳೆದು ನೋಡುತ್ತಿದ್ದೆ. ಒಂದು ಬೆಳಿಗ್ಗೆ ಕೆಟ್ಟ ವಾಸನೆ ಬಂದೇಬಂತು. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಕ್ಕ ಹೊರಗೆ ಬಂದು, "ಎಂತ ಮಾಸ್ಟ್ರೇ, ತಲೆ ತಿರುಗ್ತದಾ? ಹಲಸಿನ ಸಿಪ್ಪೆ, ರಚ್ಚೆ ಎಲ್ಲ ರಾಶಿ ಬಿದ್ದು ಕೊಳೆತಿದೆ, ತೆಗೀಲಿಕ್ಕೆ ಜನ ಬರ್ಲಿಲ್ಲ" ಎಂದರು. ನನಗೆ ನಗಲೂ ಆಗಲಿಲ್ಲ.

ಅದೇ ದಿನ ಹೂವು ಹಂಚಿನ ಚೂರನ್ನು ಬಿಟ್ಟು ಕಳಚಿಕೊಂಡಿತು. ಜಾಡಿಯ ತಳದಲ್ಲಿ ಮಗುಚಿ ಬಿದ್ದು, ಗುಳ್ಳೆಗಳ ಸೆಳೆತಕ್ಕೆ ಅತ್ತಿತ್ತ ಹೊರಳುತ್ತಿತ್ತು. ಬಾಯಿಂದ ಬಿಳಿ ದಾರಗಳು ಹೊರಗೆ ಬಂದಿದ್ದವು. ಹೊಟ್ಟೆಯೊಳಗಿನದು ಹೊರಬಂದದ್ದು ಎಂದು ನನಗೆ ಗೊತ್ತಿತ್ತು. ಹೆಡ್ಮಾಸ್ಟರು ಬರಲು ಆರು ದಿನ ಉಳಿದಿತ್ತು.

ಇನ್ನೊಮ್ಮೆ ನೀರು ಬದಲಿಸಲು ಸೋಸುವ ಬಟ್ಟೆ ತೆಗೆಯಲು ಹೋದೆ. ಹಗ್ಗದ ಮೇಲೆ ಒಣಗಿದ ಬಿಳಿ ಪಂಚೆಯ ತುಂಡು. ಅದರ ನಡುವೆ ತಿಳಿಹಸಿರು ಕಲೆ. ಪಾಚಿ ಎಂದುಕೊಂಡು ಉಜ್ಜಿದೆ, ಹೋಗಲಿಲ್ಲ. ಹಂಡೆಯ ಮುಚ್ಚಳ ತೆಗೆದು ಬಗ್ಗಿದೆ. ನೀರು ಇಳಿದ ಕಡೆಯಲ್ಲೆಲ್ಲ ಒಳಗೋಡೆಗೆ ಹಸಿರು ಬಳೆಗಳು ಕಟ್ಟಿದ್ದವು. ಆ ಬಣ್ಣ ನನಗೆ ಗೊತ್ತಿರುವ ಬಣ್ಣ. ಮಳೆಗಾಲದ ಮೊದಲು ಅಡಕೆಯ ಕೊಳೆರೋಗಕ್ಕೆ ಮೈಲುತುತ್ತು ಕರಗಿಸುವವರ ಕೈ ಉಗುರುಗಳಲ್ಲಿ ಅದು ತಿಂಗಳುಗಟ್ಟಲೆ ಇರುತ್ತದೆ. ರೋಗದ ಬೂಷ್ಟನ್ನು ಕೊಲ್ಲುವುದು ಅದರೊಳಗಿನ ತಾಮ್ರ. ಈ ಪಾಠವನ್ನು ನಾನೇ ಮಕ್ಕಳಿಗೆ ಹೇಳಿದ್ದೆ, ಅದೇ ವರ್ಷ, ಬೋರ್ಡಿನ ಮೇಲೆ ಬರೆದು.

ಸಂಶಯ ನಿಜವಾಗದಿರಲಿ ಎಂದು ಬೇಡಿಕೊಳ್ಳುತ್ತಾ ಆ ಹಸಿರನ್ನು ಬಿದಿರಿನ ಸಿಗುರಿನಿಂದ ಕೆರೆದು ಕಾಗದದಲ್ಲಿ ಕಟ್ಟಿಕೊಂಡು ಶಾಲೆಯ ಪ್ರಯೋಗಶಾಲೆಗೆ ಓಡಿದೆ. ಬೀಗದಕೈ ನನ್ನಲ್ಲೇ ಇತ್ತು. ಪ್ರನಾಳದಲ್ಲಿ ಹಾಕಿ, ನಾಲ್ಕು ಹನಿ ಆಸಿಡ್ಡಿನಲ್ಲಿ ಕರಗಿಸಿ, ಅಮೋನಿಯಾ ಬಿಟ್ಟೆ. ಗಾಢ ನೀಲಿ ಬಂತು, ತಾಮ್ರದ ಗುರುತು. ತರಗತಿಯಲ್ಲಿ ಮಕ್ಕಳು ಚಪ್ಪಾಳೆ ತಟ್ಟುವ ಆ ನೀಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ನೋಡಿದೆ.

ಹಂಡೆಯ ನೀರೆಲ್ಲ ವಿಷ. ಜಾಡಿಯ ನೀರೂ ವಿಷ. ಪುತ್ತೂರಿನಲ್ಲಿ ಬೇರೆ ಕಡಲ ನೀರು ಎಲ್ಲಿಂದ ಬರಬೇಕು? ಪ್ರಯೋಗಶಾಲೆಯ ಕಪಾಟಿನಲ್ಲಿ, ಲ್ಯಾಕ್ಟೋಮೀಟರ್ ಸರಿಯಿದೆಯೋ ಎಂದು ನೋಡಲು ಹೆಡ್ಮಾಸ್ಟರು ಗಾಜಿನ ಎರಡು ಬಾಟಲಿಗಳಲ್ಲಿ ಕಡಲ ನೀರು ಮುಚ್ಚಿಟ್ಟಿದ್ದರು. 'ಮುಟ್ಟಬಾರದು' ಎಂದು ಚೀಟಿ ಅಂಟಿಸಿದ್ದರು. ಮುಟ್ಟಿದೆ. ಹೆಡ್ಮಾಸ್ಟರ ಮನೆಗೆ ಒಯ್ದು, ಒಂದು ಪಿಂಗಾಣಿ ಬೋಗುಣಿಯಲ್ಲಿ ಆ ನೀರು ಸುರಿದು, ಹೂವನ್ನು ಬೊಗಸೆಯಲ್ಲೆತ್ತಿ ಅದಕ್ಕೆ ಬಿಟ್ಟು, ಗಾಳಿಯ ನಳಿಗೆ ಇಳಿಸಿದೆ. ಕೈಯಲ್ಲಿ ಅದು ತಣ್ಣಗೆ, ಬೆಂದ ಗೆಣಸಿನಂತೆ ಮೆತ್ತಗಿತ್ತು.

ಅಕ್ಕನಿಗೆ ವಿಷಯ ಹೇಳಿದಾಗ ಅವರ ಮುಖ ಬಿಳಿಚಿತು. "ಅಯ್ಯೋ ದೇವ್ರೇ, ನಾನು ಕೊಂದೆನಾ ಅದನ್ನು? ಅವ್ರಿಗೆ ಹೇಳ್ಬೇಡಿ ಮಾಸ್ಟ್ರೇ. ಅವ್ರು ನನ್ನನ್ನಾದ್ರೂ ಬಿಟ್ಟಾರು, ಅದನ್ನು ಬಿಡುದಿಲ್ಲ."

"ನಾನು ಹೇಳುದಿಲ್ಲ ಅಕ್ಕ" ಎಂದೆ. ಅವರಿಗೆ ಒಳ್ಳೆಯದಾಗಲಿ ಎಂದು ಮಾತ್ರ ಹೇಳಿದ್ದೆಂದರೆ ಸುಳ್ಳಾಗುತ್ತದೆ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ, ಪ್ರಯೋಗಶಾಲೆಯ ಎರಡು ದೊಡ್ಡ ಗಾಜಿನ ಬುಂಡೆಗಳನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊರಟೆ. ಮಂಗಳೂರಿನ ಬಂದರಿನಲ್ಲೇ ನೀರು ತುಂಬಿಸಿಕೊಂಡರೆ ಮಧ್ಯಾಹ್ನಕ್ಕೆ ವಾಪಸು ಬರಬಹುದೆಂದು ಲೆಕ್ಕ ಹಾಕಿದ್ದೆ. ದೋಣಿ ಕಟ್ಟುವ ಧಕ್ಕೆಯಲ್ಲಿ ನೀರು ಎತ್ತಿ ಲ್ಯಾಕ್ಟೋಮೀಟರ್ ಬಿಟ್ಟರೆ ಹತ್ತಕ್ಕೂ ಏರಲಿಲ್ಲ. ಹೊಳೆ ಬಂದು ಸೇರುವ ಜಾಗ, ಸಪ್ಪೆ ನೀರು. ಹೊತ್ತು ಏರುತ್ತಿತ್ತು. ಬುಂಡೆಗಳನ್ನು ಹೊತ್ತು ಇನ್ನೊಂದು ಬಸ್ಸು ಹಿಡಿದು ಸುರತ್ಕಲ್ಲಿಗೆ ಹೋದೆ. ಅಲ್ಲಿ ತೆರೆದ ಕಡಲು. ಇಪ್ಪತ್ತನಾಲ್ಕು.

ಬುಂಡೆ ತುಂಬಿಸಿ ತಲೆ ಎತ್ತಿದಾಗ ಕಡಲು ಚೆನ್ನಾಗಿ ಇಳಿದಿತ್ತು. ಬಂಡೆಗಳ ನಡುವೆ ನಿಂತ ನೀರಿನಲ್ಲಿ ಕಡಲಹೂವುಗಳು ಅರಳಿ ಕೂತಿದ್ದವು. ಒಂದೆರಡಲ್ಲ, ಹತ್ತಾರು. ಅವುಗಳಲ್ಲೊಂದು ಕಂದುಗೆಂಪು ಮೈಯದ್ದು, ಹಸಿರು ತುದಿಯದ್ದು, ಅಂಗೈಯಗಲದ್ದು. ಹೆಡ್ಮಾಸ್ಟರ ಜಾಡಿಯಲ್ಲಿದ್ದದ್ದೇ ಇಲ್ಲಿಗೆ ಬಂದು ಕೂತಿದೆಯೋ ಎನ್ನುವಷ್ಟು ಹಾಗೆಯೇ ಇತ್ತು.

ನಾನು ಆಚೀಚೆ ನೋಡಿದೆ. ಯಾರೂ ಇರಲಿಲ್ಲ. ಇದನ್ನು ತೆಗೆದುಕೊಂಡು ಹೋಗಿ ಹಂಚಿನ ಚೂರಿನ ಮೇಲೆ ಕೂರಿಸಿದರೆ ಎಲ್ಲ ಮುಗಿಯಿತು. ಬೋಗುಣಿಯಲ್ಲಿರುವುದನ್ನು ತೆಂಗಿನ ಬುಡಕ್ಕೆ ಹಾಕಬಹುದು. ಅಕ್ಕನೂ ಉಳಿದರು, ನಾನೂ ಉಳಿದೆ, ಜೂನೂ ಉಳಿಯಿತು. ಚೀಲದಲ್ಲಿದ್ದ ಬಿದಿರಿನ ಸಿಗುರನ್ನು ಅದರ ಬುಡಕ್ಕೆ ತೂರಿಸಿದೆ. ಅದು ಸರ್ರನೆ ಮೈ ಮುದುಡಿ ಬಂಡೆಯನ್ನು ಬಿಗಿಯಾಗಿ ಕಚ್ಚಿಕೊಂಡಿತು. ಒಂದು ಅಂಚು ಏಳುವಷ್ಟು ಎಬ್ಬಿಸಿದೆ. ಆಮೇಲೆ ಕೈ ಬಿಟ್ಟೆ.

ಧರ್ಮಬುದ್ಧಿ ಬಂದು ಬಿಟ್ಟದ್ದಲ್ಲ, ಹೆದರಿ ಬಿಟ್ಟದ್ದು. ಆರು ವರ್ಷ ದಿನವೂ ನೋಡಿದ ಮನುಷ್ಯ ಒಂದು ನೋಟಕ್ಕೆ ಗುರುತು ಹಿಡಿದರೆ? ಸಾಯಿಸಿದವನಿಗೆ ಕ್ಷಮೆ ಇದ್ದೀತು, ಬದಲಾಯಿಸಿದವನಿಗೆ ಇರಲಾರದು. ಹಳೆಯ ಹಂಚಿನ ಚೂರು ತಾಮ್ರ ಕುಡಿದಿರಬಹುದೆಂದು, ಹೂವಿಗೆ ಕಾಲೂರಲು ಒಂದು ಬರಿಯ ಕಲ್ಲನ್ನು ಮಾತ್ರ ಆರಿಸಿ ಚೀಲಕ್ಕೆ ಹಾಕಿಕೊಂಡೆ.

ವಾಪಸು ಬರುವಾಗ ಪುತ್ತೂರು ಬಸ್ಸಿನ ಕಂಡಕ್ಟರು ಬುಂಡೆಗಳನ್ನು ಕಂಡು ಅಡ್ಡ ನಿಂತರು. ಪಾನನಿರೋಧದ ಕಾಲ, ದೊಡ್ಡ ಬುಂಡೆ ಎಂದರೆ ಕಳ್ಳಭಟ್ಟಿ ಎಂದೇ ಅರ್ಥ.

"ಎಂತ ಮಾರಾಯ್ರೆ ಇದು? ಪೊಲೀಸರು ಹಿಡಿದ್ರೆ ನನ್ನ ಲೈಸೆನ್ಸ್ ಹೋಗುದು."

"ಕಡಲ ನೀರು. ಸುರತ್ಕಲ್ಲಿಂದ ತಂದದ್ದು."

"ಕಡಲ ನೀರು ಹೊತ್ತುಕೊಂಡು ಪುತ್ತೂರಿಗಾ? ನಾನೆಂತ ಸಣ್ಣ ಮಗುವಾ?" ಎಂದು ಬುಂಡೆಯ ಬಿರಡೆ ತೆಗೆದು, ಅಂಗೈಗೆ ಸುರಿದು, ನೆಕ್ಕಿ ನೋಡಿದರು. ಥೂ ಎಂದು ಉಗಿದು, "ಮಾಸ್ಟ್ರಿಗೆ ಸೌಖ್ಯ ಇಲ್ವಾ ಎಂತ" ಎಂದು ಗೊಣಗುತ್ತಾ ಸೀಟು ಬಿಟ್ಟುಕೊಟ್ಟರು. ಬಸ್ಸಿನವರೆಲ್ಲ ನಕ್ಕರು. ನಾನು ಬುಂಡೆಗಳನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದು ಕೂತೆ.

ಬ್ಯಾಟರಿ ಜಾಡಿಯನ್ನು ಬಾವಿನೀರಿನಲ್ಲಿ ಏಳು ಸಲ ತೊಳೆದು, ಕೊನೆಗೆ ಕಡಲ ನೀರಿನಲ್ಲಿ ಒಮ್ಮೆ ಜಾಲಾಡಿಸಿದೆ. ರಬ್ಬರಿನ ನಳಿಗೆಯನ್ನೂ ಹೊಸದಾಗಿ ಕತ್ತರಿಸಿ ಹಾಕಿದೆ. ಒಮ್ಮೆಗೇ ಹೊಸ ನೀರಿಗೆ ಹಾಕಿದರೆ ತಡೆಯಲಾರದೆಂದು, ಬೋಗುಣಿಗೆ ಚಮಚದಲ್ಲಿ ಒಂದೊಂದಾಗಿ ಹೊಸ ನೀರು ಸೇರಿಸುತ್ತಾ ರಾತ್ರಿಯವರೆಗೆ ಕೂತೆ. ಆಮೇಲೆ ಹೂವನ್ನು ಸುರತ್ಕಲ್ಲಿನ ಕಲ್ಲಿನ ಮೇಲಿಟ್ಟು ಜಾಡಿಗೆ ಇಳಿಸಿದೆ. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ಬೆಳಿಗ್ಗೆ ಬಿಳಿ ದಾರಗಳು ಒಳಗೆ ಹೋಗಿದ್ದವು. ನಾಲ್ಕನೆಯ ದಿನ ಅದು ಕಲ್ಲನ್ನು ಹಿಡಿದುಕೊಂಡಿತು. ಆದರೆ ಮೈ ಸೊರಗಿ ಲಿಂಬೆಹಣ್ಣಿನಷ್ಟಾಗಿತ್ತು. ಬಣ್ಣ ಹೋಗಿ ಮಾಸಲು ಕಂದಾಗಿತ್ತು. ಅಕ್ಕ ಹಂಡೆಯ ನೀರು ಚೆಲ್ಲಿ, ಹುಳಿ ಹಾಕಿ ತಿಕ್ಕಿ, ಮೊದಲಿನಂತೆ ಹೊಳೆಯಿಸಿ ಬಚ್ಚಲಲ್ಲಿಟ್ಟರು. ಸೋಸುವ ಬಟ್ಟೆಯನ್ನು ಒಲೆಗೆ ಹಾಕಿದರು.

ಹೆಡ್ಮಾಸ್ಟರು ಹೇಳಿದ ದಿನವೇ ಬಂದರು. ಚೀಲ ಕೆಳಗಿಡುವ ಮೊದಲೇ ಜಾಡಿಯ ಹತ್ತಿರ ಬಗ್ಗಿದರು. ನಾನು ಕಂಬದ ಪಕ್ಕ ನಿಂತಿದ್ದೆ. ಅವರು ಮೊದಲು ಹೂವನ್ನು, ಆಮೇಲೆ ಅದರ ಕೆಳಗಿನ ಕಲ್ಲನ್ನು ನೋಡಿದರು.

"ಮಾಸ್ಟ್ರೇ, ನೀವು ಸುರತ್ಕಲ್ಲಿಗೆ ಹೋಗಿದ್ರಂತೆ. ಬಸ್ ನಿಲ್ದಾಣದಲ್ಲಿ ಕಂಡಕ್ಟರು ಸಿಕ್ಕಿ ಹೇಳಿದ್ರು."

"ಹೌದು ಸಾರ್."

"ಈ ಕಲ್ಲು?"

"ಅಲ್ಲಿಂದ ತಂದದ್ದು ಸಾರ್."

"ಕಲ್ಲಿನ ಮೇಲಿರುದು?"

ಆಗ ನನಗೆ ಅರ್ಥವಾಯಿತು. ಸಣ್ಣ ಗಾತ್ರ, ಬೇರೆ ಬಣ್ಣ, ಬೇರೆ ಕಲ್ಲು, ಸುರತ್ಕಲ್ಲಿನ ಪ್ರಯಾಣ. ನಾನು ಮಾಡದೆ ಬಿಟ್ಟ ಕೆಲಸವನ್ನೇ ನಾನು ಮಾಡಿದ್ದೇನೆಂದು ಎಲ್ಲವೂ ಹೇಳುತ್ತಿತ್ತು. ಇದು ನಿಮ್ಮದೇ ಸಾರ್ ಎಂದರೆ ಯಾರು ನಂಬುತ್ತಾರೆ? ಅದು ಹೇಗೆ ಇಷ್ಟಾಯಿತೆಂದು ಹೇಳದ ಹೊರತು ನಂಬಿಸಲು ದಾರಿಯಿರಲಿಲ್ಲ. ಹೇಳಿದರೆ ಕೊಂದವನು ನಾನೇ. ಕಂಬ ಬಿಟ್ಟು ಜಾಡಿಯ ಹತ್ತಿರ ಬಂದೆ.

"ಇದು ನಿಮ್ಮದೇ ಸಾರ್. ನೀರನ್ನು ನಾನು ತಾಮ್ರದ ಹಂಡೆಯಲ್ಲಿಟ್ಟೆ. ಐದಾರು ದಿನ ಅದೇ ನೀರು ಹಾಕಿದೆ. ಅಮೋನಿಯಾದಲ್ಲಿ ನೀಲಿ ಬಂತು. ಮುಟ್ಟಬಾರದು ಅಂತ ಬರೆದ ಬಾಟ್ಲಿ ತೆರೆದೆ."

ಒಳಗಿನಿಂದ ಅಕ್ಕ ಬಂದರು. ಕೈ ಒದ್ದೆಯಿತ್ತು. "ಹಂಡೆಗೆ ಸುರಿದದ್ದು ನಾನು. ಮಿಡಿಗೆ ಭರಣಿ ಬೇಕಿತ್ತು. ಹಂಡೆ ತಿಕ್ಕಿ ಗುರುತು ಅಳಿಸಿದ್ದೂ ನಾನೇ" ಎಂದರು, ಒಂದೇ ಉಸಿರಿಗೆ.

"ಅಕ್ಕ ನನ್ನನ್ನು ಕೇಳಿಯೇ ಹಾಕಿದ್ದು ಸಾರ್. ಒಳ್ಳೆಯದು ಅಂತ ಹೇಳಿದ್ದು ನಾನು."

ಹೆಡ್ಮಾಸ್ಟರು ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು. ಬೈಯುತ್ತಾರೆಂದು ಕಾದೆ. ಅವರು ಪುನಃ ಜಾಡಿಗೆ ಬಗ್ಗಿದರು.

"ಅಲ್ಲಿ ಬಂಡೆ ತುಂಬ ಇವೇ ಇರ್ತಾವಲ್ಲ. ಒಂದು ತರ್ಬೇಕು ಅಂತ ಆಗ್ಲಿಲ್ವಾ ನಿಮಗೆ?"

"ಆಯಿತು ಸಾರ್. ಬುಡಕ್ಕೆ ಸಿಗುರು ಹಾಕಿದ್ದೆ. ಹೆದರಿಕೆಯಾಗಿ ಬಿಟ್ಟೆ."

ಅವರು ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು: "ಬದುಕುದಾ ಇದು?"

ಆ ಮನುಷ್ಯ ತನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಗೊತ್ತಿಲ್ಲ ಸಾರ್" ಎಂದೆ.

"ಹಾಗಾದ್ರೆ ಇದನ್ನು ಇನ್ನೂ ನೀವೇ ನೋಡಿಕೊಳ್ಳಿ. ಇದರ ಈಗಿನ ಸ್ಥಿತಿಗತಿ ಗೊತ್ತಿರುದು ನಿಮಗೆ. ನಾನು ಕೈ ಹಾಕುದಿಲ್ಲ. ಜೂನಿನಲ್ಲಿ ಕೂಡ ನೀವೇ, ಆಮೇಲೂ ನೀವೇ." ಅಷ್ಟು ಹೇಳಿ ಚೀಲ ಎತ್ತಿಕೊಂಡು ಒಳಗೆ ಹೋದರು.

ಖಾಯಂ ಆಯಿತೆಂದು ತಿಳಿಯಲು ನನಗೆ ಗೇಟಿನವರೆಗೆ ನಡೆಯುವಷ್ಟು ಹೊತ್ತು ಬೇಕಾಯಿತು. ಎರಡು ವರ್ಷದಿಂದ ಹೊಟ್ಟೆಯಲ್ಲಿ ಕೂತಿದ್ದ ಹೆದರಿಕೆ ಇಳಿದುಹೋಗಿತ್ತು. ದಾರಿಯಲ್ಲಿ ಹೋಟೆಲಿಗೆ ಹೋಗಿ ಹೊಟ್ಟೆ ತುಂಬ ತಿನ್ನಬೇಕೆಂದುಕೊಂಡೆ. ಅರ್ಧ ದಾರಿಯಲ್ಲಿ ಒಂದು ಯೋಚನೆ ಬಂತು: ಸಂಜೆ ಟ್ಯೂಬಿಗೆ ಗಾಳಿ ಕಡಿಮೆ ಹಾಕಿದೆನೇ? ಬೆಳಗಾಗುವಷ್ಟರಲ್ಲಿ ಗುಳ್ಳೆ ನಿಂತು ಅದು ಸತ್ತರೆ? ಈ ಸಲ ನನಗೆ ಜೂನು ನೆನಪಾಗಲಿಲ್ಲ, ಕೆಲಸ ನೆನಪಾಗಲಿಲ್ಲ. ಕೈಯಲ್ಲಿ ತಣ್ಣಗೆ ಬಿದ್ದಿದ್ದ ಅದರ ಮೈ ಮಾತ್ರ ನೆನಪಾಯಿತು. ತಿರುಗಿ ಹೆಡ್ಮಾಸ್ಟರ ಮನೆಯ ಕಡೆಗೆ ಓಡಿದೆ.